ಹತ್ತಿ ಮ್ಯಾಲ ನಡದಂಗ

ಭಾನುವಾರ ಬೆಳಿಗ್ಗೆ ಅಬಿಡ್ಸ್‌ನಲ್ಲಿ ಅಂಗಡಿಗಳ ಷಟರ್ ಇಳಿದಿರುತ್ತವೆ, ಅವುಗಳ ಮುಂದಿನ ಫುಟ್‌ಪಾತ್ ಪುಸ್ತಕದಂಗಡಿಯಾಗುತ್ತದೆ. ಹೈದರಾಬಾದಿಗೆ ಬಂದು ಹನ್ನೊಂದು ವರ್ಷವಾಯಿತು. ವಾರವಿಡೀ ಗಚ್ಚಿಬೌಲಿಯಲ್ಲಿ ಕಂಪ್ಯೂಟರಿನ ಮುಂದೆ ಕೂತವನಿಗೆ ತಿಂಗಳಿಗೊಮ್ಮೆಯಾದರೂ ಇಲ್ಲಿ ಕುಕ್ಕರುಗಾಲಲ್ಲಿ ಕೂತು ಹಳೆಯ ಪುಸ್ತಕ ಕೆದಕದಿದ್ದರೆ ಸಮಾಧಾನವಿಲ್ಲ. ನಮ್ಮ ತಾತ ರಾಯಚೂರಿನಿಂದ ಇಲ್ಲಿಗೆ ಬರುತ್ತಿದ್ದಾಗ ಇದು ಅವರ ರಾಜ್ಯದ್ದೇ ರಾಜಧಾನಿ. ನಾನು ಮಾತ್ರ ಹೊರಗಿನಿಂದ ಬಂದವನು.

ಹೋದ ವರ್ಷ ಅಲ್ಲಿ ಇನ್ನೂರು ರೂಪಾಯಿಗೆ ಒಂದು ಬಯೋಕೆಮಿಸ್ಟ್ರಿ ಪಠ್ಯಪುಸ್ತಕ ಕೊಂಡೆ. ಯಾರೋ ಮೆಡಿಕಲ್ ವಿದ್ಯಾರ್ಥಿ ಹಳದಿ ಪೆನ್ನಲ್ಲಿ ಗೀಟೆಳೆದಿದ್ದ ಪುಸ್ತಕ. ಪಿಯುಸಿಯಾದ ಮೇಲೆ ಜೀವಶಾಸ್ತ್ರದ ಕಡೆ ತಲೆಹಾಕದ ನನಗೆ ಅದು ಬೇಕಾದದ್ದು ಒಂದು ಕೆಂಪು ಅಂಕಿಯ ದೆಸೆಯಿಂದ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಹೋಮೋಸಿಸ್ಟೀನ್ 31 ಬಂದಿತ್ತು. ರಿಪೋರ್ಟಿನ ಪ್ರಕಾರ 15ರ ಒಳಗಿರಬೇಕು.

ನಮ್ಮ ಟೀಮಿನಲ್ಲಿ ಇಂಥದ್ದಕ್ಕೆಲ್ಲ ಉತ್ತರ ಇಟ್ಟುಕೊಂಡಿರುವ ಗೆಳೆಯನೊಬ್ಬನಿದ್ದಾನೆ. 'ನಿನ್ನ ಮಿಥೈಲೇಷನ್ ಸರಿಯಿಲ್ಲ' ಎಂದ. ತಾನು ನುಂಗುತ್ತಿದ್ದ ವಿದೇಶಿ ಬಿ ವಿಟಮಿನ್ ಬಾಟಲಿಯ ಲಿಂಕ್ ಕಳಿಸಿದ. ಒಂದು ಬಾಟಲಿಗೆ ಸುಮಾರು ಮೂರು ಸಾವಿರ. ತರಿಸಿಯೇಬಿಟ್ಟೆ.

ಪುಸ್ತಕದಿಂದ ನನಗೆ ತಿಳಿದದ್ದು ಇಷ್ಟು. ನಾವು ತಿನ್ನುವ ಬೇಳೆ, ಹಾಲಿನ ಪ್ರೋಟೀನಿನಲ್ಲಿ ಮಿಥಿಯೋನಿನ್ ಎಂಬ ಅಮೈನೋ ಆಮ್ಲವಿದೆ. ಅದು ದೇಹದಲ್ಲಿ ಮಿಥೈಲ್ ಎಂಬ ಪುಟ್ಟ ಗುಂಪನ್ನು, ಅಂದರೆ ಒಂದು ಕಾರ್ಬನ್, ಮೂರು ಹೈಡ್ರೋಜನ್‌ಗಳ ಗಂಟನ್ನು, ಬೇಕಾದ ಕಡೆ ದಾನ ಮಾಡುತ್ತದೆ. ಡಿಎನ್ಎ ಮೇಲೆ ಗುರುತು ಹಾಕುವುದರಿಂದ ಹಿಡಿದು ಅಡ್ರಿನಲಿನ್ ತಯಾರಿಸುವತನಕ ಅನೇಕ ಕೆಲಸಗಳಿಗೆ ಅದು ಬೇಕು. ಇದೇ ಮಿಥೈಲೇಷನ್. ದಾನ ಕೊಟ್ಟು ಬರಿಗೈಯಾದ ಮೇಲೆ ಉಳಿಯುವುದೇ ಹೋಮೋಸಿಸ್ಟೀನ್. ಫೋಲೇಟ್ ಮತ್ತು ಬಿ12 ಸೇರಿ ಅದಕ್ಕೆ ಮತ್ತೊಂದು ಮಿಥೈಲ್ ತೊಡಿಸಿ ಮಿಥಿಯೋನಿನ್ ಮಾಡುತ್ತವೆ. ಇಲ್ಲವಾದರೆ ಬಿ6ರ ಸಹಾಯದಿಂದ ಅದು ಬೇರೆ ದಾರಿ ಹಿಡಿದು ಕರಗುತ್ತದೆ. ಈ ಮೂರರಲ್ಲಿ ಯಾವುದು ಕಡಿಮೆಯಾದರೂ ರಕ್ತದಲ್ಲಿ ಹೋಮೋಸಿಸ್ಟೀನ್ ಏರಬಹುದು. ಕಿಡ್ನಿ, ಥೈರಾಯ್ಡ್ ತೊಂದರೆಯಿಂದಲೂ ಏರುತ್ತದೆ.

ಮೂರು ತಿಂಗಳ ಬಳಿಕ ನನ್ನ ಅಂಕಿ 11ಕ್ಕಿಳಿಯಿತು. ಅದರ ಸ್ಕ್ರೀನ್‌ಶಾಟ್ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಅಪ್ಪ ರಾಯಚೂರಿನಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಯಾಕೆ ಏರಿತ್ತು ಎಂದು ಮಾತ್ರ ನಾನು ಯಾರನ್ನೂ ಕೇಳಲಿಲ್ಲ. ಬಿ12 ಪರೀಕ್ಷೆ ಮಾಡಿಸಲೂ ಇಲ್ಲ. ಆಫೀಸಿನಲ್ಲಿ ಸರ್ವರ್ ಅಲಾರಂ ಹೊಡೆದುಕೊಂಡಾಗ ಕಾರಣ ಹುಡುಕದೆ ಅಲಾರಂ ಆಫ್ ಮಾಡುವ ಹುಡುಗರನ್ನು ನಾನೇ ಬೈಯುತ್ತೇನೆ.

ದಸರೆಗೆ ಊರಿಗೆ ಹೋದಾಗ ಅಪ್ಪ ಬಚ್ಚಲಲ್ಲಿ ಮುಖ ತೊಳೆಯುವುದನ್ನು ನೋಡಿದೆ. ಒಂದು ಕೈಯಲ್ಲಿ ನೀರು, ಇನ್ನೊಂದು ಕೈ ಗೋಡೆಯ ಮೇಲೆ. ಸೋಪಿಗೆ ಕಣ್ಣು ಮುಚ್ಚಿದೊಡನೆ ವಾಲಿದರು. ಕೇಳಿದರೆ, 'ಏನಿಲ್ಲಪಾ, ವಯಸ್ಸಾತು' ಎಂದರು. ಅಮ್ಮ ನಗುತ್ತಾ, 'ಎರಡ ವರ್ಷದಿಂದ ಹಿಂಗ. ಹತ್ತಿ ಮ್ಯಾಲ ನಡದಂಗ ಆಗ್ತದ ಅಂತಾರ' ಎಂದಳು. ಅಪ್ಪ ಮೂವತ್ತು ವರ್ಷ ರಾಯಚೂರಿನ ಹತ್ತಿ ವ್ಯಾಪಾರದಲ್ಲಿ ಲೆಕ್ಕ ಬರೆದವರು. ಆ ಮಾತು ನಮ್ಮ ಮನೆಯಲ್ಲಿ ಜೋಕಾಗಿಬಿಟ್ಟಿತ್ತು. ನಾನೂ ಫೋನಿನಲ್ಲಿ ಕೇಳಿ ನಕ್ಕಿದ್ದೆ.

ಅವರ ಮಾತ್ರೆ ಡಬ್ಬಿ ತೆರೆದೆ. ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷದಿಂದ ಮೆಟ್‌ಫಾರ್ಮಿನ್. ಸುಸ್ತು ಎಂದಾಗ ಊರಿನ ಡಾಕ್ಟರು ಬರೆದುಕೊಟ್ಟ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ. ಅದರಿಂದ ಹಿಮೋಗ್ಲೋಬಿನ್ ಏರಿತ್ತು, ಎಲ್ಲರೂ ನಿರಾಳವಾಗಿದ್ದೆವು.

ಹೈದರಾಬಾದಿಗೆ ಮರಳಿದ ರಾತ್ರಿ ಪುಸ್ತಕದಲ್ಲಿ ನಾನು ಹಾರಿಸಿದ್ದ ಪುಟಕ್ಕೆ ಹೋದೆ. ಹಳದಿ ಗೀಟು ಅಲ್ಲೇ ದಟ್ಟವಾಗಿತ್ತು. ಬಿ12 ಕೊರತೆ ಇರುವವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸುತ್ತದೆ. ಆದರೆ ನರಗಳ ಮೇಲಿನ ಮಯಲಿನ್ ಹೊದಿಕೆ ಕಾಪಾಡುವ ಬಿ12ರ ಕೆಲಸ ಫೋಲಿಕ್ ಆಸಿಡ್‌ನಿಂದ ಆಗದು. ರಕ್ತದ ರಿಪೋರ್ಟು ಚೆನ್ನಾಗಿ ಬರುತ್ತಿರುವಾಗಲೇ ಕಾಲು ಸೋಲುತ್ತಾ ಹೋಗುತ್ತದೆ. ಮೆಟ್‌ಫಾರ್ಮಿನ್ ಅನೇಕ ವರ್ಷ ತೆಗೆದುಕೊಂಡರೆ ಬಿ12 ಹೀರಿಕೆ ಕುಗ್ಗಬಹುದು. ಮೇಲಾಗಿ ನಾವು ಸಸ್ಯಾಹಾರಿಗಳು. ಬಿ12 ತಯಾರಿಸುವುದು ಬ್ಯಾಕ್ಟೀರಿಯಾ. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆಯಲ್ಲಿ ಅದಿಲ್ಲ. ನಮಗೆ ಸಿಗುವುದೇನಿದ್ದರೂ ಹಾಲು, ಮೊಸರಿನಿಂದ. ಅಪ್ಪ ಸಕ್ಕರೆ ಕಾಯಿಲೆ ಬಂದ ಮೇಲೆ ಹಾಲನ್ನೂ ಬಿಟ್ಟಿದ್ದರು.

ಫೋಲಿಕ್ ಆಸಿಡ್ ಅನ್ನು ದೂರುವುದು ತಪ್ಪು. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದರ ರಚನೆ ಬಿಡಿಸಿ ತಯಾರಿಸಿದ ತಂಡದ ಹಿಂದಿದ್ದವರು ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಸ್ಪ್ರೂ ಎಂಬ ಕರುಳಿನ ರೋಗ ಅವರ ಅಣ್ಣನನ್ನು ಕೊಂದಿತ್ತು. ಫೋಲಿಕ್ ಆಸಿಡ್ ಅದೇ ರೋಗಕ್ಕೆ ಮದ್ದಾಯಿತು. ಇವತ್ತಿಗೂ ಗರ್ಭಿಣಿಯರಿಗೆ ಅದು ಬೇಕೇ ಬೇಕು. ಆದರೆ ಆ ದಶಕದಲ್ಲೇ ವೈದ್ಯರು ಇನ್ನೊಂದನ್ನೂ ಕಂಡರು. ಪರ್ನಿಷಿಯಸ್ ಅನೀಮಿಯಾ ರೋಗಿಗಳಿಗೆ ಅದನ್ನಷ್ಟೇ ಕೊಟ್ಟಾಗ ರಕ್ತ ಸುಧಾರಿಸಿತು, ಕೆಲವರ ನರಗಳು ಕೆಟ್ಟವು. ಬಿ12 ಶುದ್ಧ ರೂಪದಲ್ಲಿ ಕೈಗೆ ಸಿಕ್ಕಿದ್ದು 1948ರಲ್ಲಿ.

ಅಪ್ಪನ ಬಿ12 ಪರೀಕ್ಷೆ ಮಾಡಿಸಿದೆವು. 96 ಬಂತು. ಇನ್ನೂರರ ಮೇಲಿರಬೇಕಿತ್ತು. ನರರೋಗ ತಜ್ಞರು ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಕಾಲ್ಬೆರಳಿಗೆ ಹಚ್ಚಿ, 'ಗೊತ್ತಾಗ್ತಿದೆಯಾ?' ಎಂದರು. ಅಪ್ಪ ನನ್ನ ಮುಖ ನೋಡಿದರು. ಲೆಕ್ಕದಲ್ಲಿ ಎಂದೂ ತಪ್ಪದ ಮನುಷ್ಯ, ಸರಿ ಉತ್ತರ ಯಾವುದೆಂದು ನನ್ನನ್ನು ಕೇಳುವಂತಿತ್ತು. ಇಂಜೆಕ್ಷನ್ ಶುರುವಾಯಿತು. ಸಕ್ಕರೆ ಕಾಯಿಲೆಯ ಪಾಲೂ ಇರಬಹುದು, ಎರಡು ವರ್ಷ ತಡವಾದ್ದರಿಂದ ಎಲ್ಲವೂ ಮರಳುವ ಭರವಸೆ ಇಲ್ಲ ಎಂದರು ತಜ್ಞರು.

ನನ್ನ ಬಾಟಲಿಯಲ್ಲಿ ಬಿ12 ಕೂಡ ಇತ್ತು. ಹಾಗಾಗಿ ನಾನು ತಿಳಿಯದೆಯೇ ಬಚಾವಾದೆ. ಅಪ್ಪನ ಮಾತ್ರೆಯಲ್ಲಿ ಇರಲಿಲ್ಲ. ಈಗ ಆ ದುಬಾರಿ ಬಾಟಲಿ ಬಿಟ್ಟು, ಡಾಕ್ಟರು ಬರೆದ ಸಾದಾ ಬಿ12 ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಅಂಕಿ ಮೇಲೇರಿಲ್ಲ.

ಅಂಕಿ ಇಳಿದರೆ ಹೃದಯ ಭದ್ರ ಎಂಬ ಗೆಳೆಯನ ಮಾತನ್ನೂ ಪರಿಶೀಲಿಸಿದೆ. 2006ರಲ್ಲಿ ಪ್ರಕಟವಾದ ಹೋಪ್-2 ಅಧ್ಯಯನದಲ್ಲಿ 5,522 ಜನರಿಗೆ ಐದು ವರ್ಷ ಫೋಲಿಕ್ ಆಸಿಡ್, ಬಿ6, ಬಿ12 ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದರು. ವಿಟಮಿನ್ ತೆಗೆದುಕೊಂಡವರ ಹೋಮೋಸಿಸ್ಟೀನ್ ಇಳಿಯಿತು, ಪಾರ್ಶ್ವವಾಯು ಕೊಂಚ ಕಡಿಮೆಯಾಯಿತು, ಹೃದಯಾಘಾತ ಮತ್ತು ಹೃದಯ ಸಂಬಂಧಿ ಸಾವು ಕಡಿಮೆಯಾಗಲಿಲ್ಲ. ಬಿ6 ಹೆಚ್ಚಾಗಿ ಬಹಳ ಕಾಲ ನುಂಗಿದರೆ ಅದೇ ನರಗಳಿಗೆ ಹಾನಿ ಮಾಡುತ್ತದೆ.

ನಮ್ಮಂತೆ ಊರು ಬಿಟ್ಟು ಬಂದು ನಗರದಲ್ಲಿ ವರ್ಷಕ್ಕೊಮ್ಮೆ ಫುಲ್ ಬಾಡಿ ಚೆಕಪ್ ಮಾಡಿಸಿಕೊಳ್ಳುವವರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಮಾತ್ರೆ ಡಬ್ಬಿ ತೆರೆದು ನೋಡಿ. ಮೆಟ್‌ಫಾರ್ಮಿನ್ ಇದ್ದರೆ, ಸಸ್ಯಾಹಾರಿಗಳಾಗಿದ್ದರೆ, ಕಾಲು ಜೋಮು ಎನ್ನುತ್ತಿದ್ದರೆ, ಬಿ12 ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ.

ಜನವರಿಯಲ್ಲಿ ಅಪ್ಪ ಇಲ್ಲಿಗೆ ಬಂದಿದ್ದರು. ಭಾನುವಾರ ಅಬಿಡ್ಸ್‌ಗೆ ಕರೆದೊಯ್ದೆ. ಜಿಪಿಒ ಹತ್ತಿರ ಆಟೋ ಇಳಿದು, ನನ್ನ ತೋಳು ಹಿಡಿದು ಪುಸ್ತಕದ ರಾಶಿಗಳ ನಡುವೆ ನಡೆದರು. ಒಂದು ಕಡೆ ಫುಟ್‌ಪಾತಿನ ಕಲ್ಲು ಎದ್ದಿತ್ತು. ನಿಂತು, ಚಪ್ಪಲಿಯಿಂದ ಅದನ್ನು ಒತ್ತಿ ನೋಡಿದರು.

'ಎಡಗಾಲಿಗೆ ಕಲ್ಲು ಗೊತ್ತಾಗ್ತದ' ಎಂದರು. ಬಲಗಾಲಿನಿಂದಲೂ ಒತ್ತಿದರು. 'ಇದು ಇನ್ನಾ ಹತ್ತಿನೇ.'