ಕೊಂಢವಾದಿಂದ ಕುಂದಗೋಳದ ತನಕ

"ಕಾಕೂ, ನಿಮಗ ಹಾಡಿನ ಹುಚ್ಚು ಭಾಳ ಅದ. ನಾವು ಯಾವ ರೆಕಾರ್ಡ್ ಕೇಳಬೇಕು, ಯಾವ ಪುಸ್ತಕ ಓದಬೇಕು, ಒಂದಿಷ್ಟು ಬರದ ಕೊಡ್ರಿ" ಎಂದು ನಮ್ಮ ಸಂಘದ ತರುಣ ಬಳಗದವರು ಗಂಟು ಬಿದ್ದಿದ್ದಾರೆ. ನಾನು ಗಾಯಕಿಯಲ್ಲ, ವಿಮರ್ಶಕಿಯಂತೂ ಅಲ್ಲವೇ ಅಲ್ಲ. ಧಾರವಾಡದಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಬಿ.ಎ. ಮಾಡಿ, ಮದುವೆಯಾಗಿ ಪುಣೆಗೆ ಬಂದು, ಅಡಿಗೆಮನೆಯ ಕಿಟಕಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಸುಮಾರು ಮೂವತ್ತು ವರ್ಷ ಕೇಳುತ್ತ ಬಂದವಳು. ಆದ್ದರಿಂದ ಇಲ್ಲಿರುವುದೆಲ್ಲ ನನ್ನ ಸ್ವಂತ ಅಭಿಪ್ರಾಯ. ಒಪ್ಪದವರು ಜಗಳಕ್ಕೆ ಬರಬಹುದು. ಚಹಾ ಮಾಡಿ ಕೊಡುತ್ತೇನೆ.

ನಮ್ಮ ಕೊಂಢವಾ ಸಂಗೀತಕ್ಕೆ ಹೆಸರಾದ ಊರಲ್ಲ. ಖಡಿ ಮಶೀನ್ ಚೌಕ್ ಎಂಬ ಹೆಸರಿನ ಚೌಕವಿರುವ ಬಡಾವಣೆಯಲ್ಲಿ ತಂಬೂರಿಯ ನಾದವನ್ನು ಯಾರು ತಾನೇ ಹುಡುಕುತ್ತಾರೆ! ಖಡಿ ಎಂದರೆ ಜಲ್ಲಿಕಲ್ಲು. ಅದನ್ನು ಒಡೆಯುವ ಯಂತ್ರದ ಹೆಸರೇ ಚೌಕಕ್ಕೆ ಅಂಟಿಕೊಂಡಿದೆ. ಜ್ಯೋತಿ ಹೋಟೆಲ್ ಚೌಕಿನಲ್ಲಿ ಸಂಜೆ ರಿಕ್ಷಾದಲ್ಲಿ ಸಿಕ್ಕಿಬಿದ್ದವರಿಗೆ ಕೇಳಿಸುವುದು ಹಾರ್ನ್ ಒಂದೇ. ಆದರೆ ಬೆಳಗಿನ ಹೊತ್ತು ಬೇರೆ. ಕೌಸರ್ ಬಾಗ್ ಕಡೆಯಿಂದ ಅಜಾನ್ ತೇಲಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಆಜಿಯ ಹರಿಪಾಠ. ಅಷ್ಟರಲ್ಲಿ ನನ್ನ ಕುಕ್ಕರು ಏರುವ ಮೊದಲು ನಾನು ದಾಸವಾಣಿ ಹಚ್ಚಿರುತ್ತೇನೆ. ನಮ್ಮ ಸೊಸಾಯಟಿಯಲ್ಲಿ ಗುಜರಾತಿನವರಿದ್ದಾರೆ, ಬಿಹಾರದವರಿದ್ದಾರೆ, ಬೋಹರಾ ಮನೆಗಳಿವೆ, ಮಲಯಾಳಿಗಳಿದ್ದಾರೆ. ಕನ್ನಡದವರು ಮೂರೇ ಮನೆ.

ಈ ದಾಸವಾಣಿಯಿಂದಲೇ ಒಮ್ಮೆ ಒಂದು ತಕರಾರು ಹುಟ್ಟಿತು. ನನ್ನ ಮಗಳ ಗೆಳತಿಯೊಬ್ಬಳು 'ಭಾಗ್ಯದ ಲಕ್ಷ್ಮೀ ಬಾರಮ್ಮ' ಕೇಳುತ್ತ ನಿಂತು, "ಕಾಕೂ, ಭೀಮಸೇನಜಿ ಮರಾಠಿಯವರಾಗಿ ಕನ್ನಡ ಎಷ್ಟು ಸ್ವಚ್ಛ ಹಾಡ್ಯಾರ ನೋಡ್ರಿ!" ಎಂದಳು. ಅವಳೂ ಕನ್ನಡದ ಮನೆಯವಳೇ. ಅಪ್ಪ ವಿಜಾಪುರದವರು! ನನಗೆ ನಗುವೂ ಬಂತು, ಹೊಟ್ಟೆಯೊಳಗೆ ಕಸಿವಿಸಿಯೂ ಆಯಿತು. ಅವಳ ತಪ್ಪೇನು? ಅವಳು ಹುಟ್ಟಿದ್ದು ಪುಣೆಯಲ್ಲಿ. ಭೀಮಸೇನ ಜೋಶಿಯವರ 'ಕಲಾಶ್ರೀ' ಮನೆ ಇದ್ದದ್ದು ಪುಣೆಯ ನವಿಪೇಠೆಯಲ್ಲಿ. ಗಣೇಶೋತ್ಸವದಲ್ಲಿ ಅವಳು ಕೇಳಿದ್ದು ಅವರ ಅಭಂಗಗಳನ್ನು. ಅವಳ ತಾಯಿ ತಂದೆ ಹೇಳಿರದಿದ್ದರೆ ಅವಳಿಗೆ ಗೊತ್ತಾಗುವುದಾದರೂ ಹೇಗೆ?

ಆದ್ದರಿಂದ ಮೊದಲು ಹೇಳಿಬಿಡುತ್ತೇನೆ. ಭೀಮಸೇನ ಜೋಶಿ 1922ರ ಫೆಬ್ರುವರಿ 4ರಂದು ಹುಟ್ಟಿದ, ಗದಗ ಸೀಮೆಯ ಹುಡುಗ. ಅಬ್ದುಲ್ ಕರೀಂ ಖಾನ ಸಾಹೇಬರ ರೆಕಾರ್ಡು ಕೇಳಿ ತಲೆ ಕೆಟ್ಟು, ಗುರುವನ್ನು ಹುಡುಕುತ್ತ ಹನ್ನೊಂದರ ಹರೆಯದಲ್ಲಿ ಮನೆ ಬಿಟ್ಟು ಓಡಿದ ಹುಡುಗ. ಗ್ವಾಲಿಯರ್ ಅಲ್ಲಿ ಇಲ್ಲಿ ಎಂದು ಉತ್ತರ ಭಾರತವೆಲ್ಲ ಅಲೆದು ಬಂದ ಮೇಲೆ ಗುರು ಸಿಕ್ಕಿದ್ದು ಎಲ್ಲಿ? ಊರ ಮಗ್ಗುಲಲ್ಲೇ, ಹುಬ್ಬಳ್ಳಿ ಹತ್ತಿರದ ಕುಂದಗೋಳದಲ್ಲಿ. ಆ ಗುರು ರಾಮಚಂದ್ರ ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು. ಅವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ, ಹಾಡಿ, ಆ ಬಿರುದು ಪಡೆದವರು. ಅವರಿಗೆ ಗುರುವಾಗಿದ್ದವರು ಅದೇ ಅಬ್ದುಲ್ ಕರೀಂ ಖಾನರು, ಉತ್ತರದ ಕಿರಾಣಾದಿಂದ ಬಂದು ಮಿರಜದಲ್ಲಿ ನೆಲೆನಿಂತ ಉಸ್ತಾದರು. ಈಗ ಹೇಳಿರಿ, ಈ ಹಾಡು ಯಾರದು? ಕನ್ನಡದ್ದೋ, ಮರಾಠಿಯದೋ, ಕಿರಾಣಾದ್ದೋ? ನನ್ನ ಮಟ್ಟಿಗೆ ಹಕ್ಕಿನ ಜಗಳ ಬೇಕಿಲ್ಲ. ಆದರೆ ನಮ್ಮ ಮಕ್ಕಳು ನಮ್ಮ ಮನೆಯ ವಸ್ತುವನ್ನು ಪರರ ಮನೆಯದೆಂದು ಮೆಚ್ಚಿಕೊಳ್ಳುವುದನ್ನು ಕೇಳಿ ಸುಮ್ಮನಿರುವುದು ನನ್ನಿಂದಾಗದು.

ಇನ್ನು ಸವಾಯಿ. ಪುಣೆಯವರಿಗೆ ಇದೊಂದೇ ಶಬ್ದ ಸಾಕು. ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಭೀಮಸೇನರು ಅವರ ಪುಣ್ಯತಿಥಿಯೆಂದು ಆರಂಭಿಸಿದ ಕಾರ್ಯಕ್ರಮವೇ ಇಂದಿನ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಪ್ರತಿ ಡಿಸೆಂಬರಿನಲ್ಲಿ ನಡೆಯುತ್ತದೆ. ನಾನು ಪುಣೆಗೆ ಬಂದ ಹೊಸತರಲ್ಲಿ ಅದು ರಮಣಬಾಗ್ ಶಾಲೆಯ ಮೈದಾನದಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು. ಜನ ಜಮಖಾನೆ, ರಗ್ಗು, ಥರ್ಮಾಸು, ಕೂಸಿನ ಕುಂಚಿಗೆ ಸಮೇತ ಬಂದು ಕೂಡುತ್ತಿದ್ದರು. ಥಂಡಿ ಎಂದರೆ ಅಂಥ ಥಂಡಿ. ನಡುರಾತ್ರಿಯ ಮಾಲಕಂಸ ಮುಗಿದು ನಸುಕಿನ ಲಲಿತ ಬರುವ ಹೊತ್ತಿಗೆ ಪಕ್ಕದವರ ಹೆಗಲ ಮೇಲೆ ನಿಮ್ಮ ತಲೆ ಇರುತ್ತಿತ್ತು, ಅವರು ಯಾರೆಂದು ನಿಮಗೆ ಗೊತ್ತಿರುತ್ತಿರಲಿಲ್ಲ. ಮುಂದೆ ಧ್ವನಿವರ್ಧಕದ ನಿಯಮ ಬಿಗಿಯಾಗಿ ರಾತ್ರಿಯ ಸವಾಯಿ ನಿಂತಿತು. ನನಗೆ ಇದರ ಕೊರಗು ಇನ್ನೂ ಇದೆ. ನಿದ್ದೆಗೆಡುವ ಕಾಲೇಜು ಹುಡುಗರಿಗೆ ರಾತ್ರಿಯ ರಾಗಗಳು ಈಗ ಫೋನಿನಲ್ಲಷ್ಟೇ ಸಿಗುತ್ತವೆ. ಆದರೂ ಒಂದು ಲಾಭವಾಗಿದೆ. 2018ರಲ್ಲಿ ಉತ್ಸವ ಮುಕುಂದನಗರಕ್ಕೆ ಬಂತು, ಕೊಂಢವಾದವರಿಗೆ ಹತ್ತಿರವಾಯಿತು. ಲುಲ್ಲಾನಗರ ದಾಟಿ ಗಂಗಾಧಾಮದ ಇಳಿಜಾರು ಇಳಿದರೆ ಮುಟ್ಟಿದಂತೆ. ನಮ್ಮ ಯಜಮಾನರು ಸಂಗೀತದ ಹೆಸರೆತ್ತಿದರೆ ಆಕಳಿಸುವವರು, ಅವರೂ ಈಗ ಸ್ಕೂಟರಿನಲ್ಲಿ ಬಿಟ್ಟು ಬರಲು ಒಪ್ಪುತ್ತಾರೆ.

ಭೀಮಸೇನರು ಅಲ್ಲಿ ಕೊನೆಯ ಸಲ ಹಾಡಿದ್ದು 2007ರಲ್ಲಿ. ಆಮೇಲೆ ಮುಕ್ತಾಯದ ಹಾಡು ಪ್ರಭಾ ಅತ್ರೆಯವರದಾಯಿತು. 2024ರ ಜನವರಿಯಲ್ಲಿ ಅವರೂ ಹೋದರು. ಉತ್ಸವದ ಕಟ್ಟಕಡೆಗೆ ಗುರುಗಳ ಭೈರವಿಯ ಹಳೆಯ ಮುದ್ರಿಕೆ ಹಾಕುವ ಪದ್ಧತಿ ಇದೆ. ಗರಗರ ಸಪ್ಪಳದ ಒಳಗಿನಿಂದ ಆ ಕುಂದಗೋಳದ ದನಿ ಬರುವಾಗ ಸಾವಿರಾರು ಜನ ಮಿಸುಕದೆ ಇರುತ್ತಾರೆ. ಹೊಸ ಗಾಯಕರ ಬಗ್ಗೆ ನಾನೇನೂ ಬರೆಯುವುದಿಲ್ಲ. ನೀವೇ ಹೋಗಿ ಕೇಳಿ, ನೀವೇ ಬಡಿದಾಡಿ.

ಈಗ ರೆಕಾರ್ಡುಗಳು. ನಿಮ್ಮಲ್ಲಿ ಹೆಚ್ಚಿನವರು 'ಮಿಲೇ ಸುರ್ ಮೇರಾ ತುಮ್ಹಾರಾ' (1988) ನೋಡಿರುತ್ತೀರಿ. ಅದನ್ನು ಆರಂಭಿಸುವ ದನಿಯೇ ಭೀಮಸೇನರದು. ಅಲ್ಲಿಂದ ದಾಸವಾಣಿಗೆ ಬನ್ನಿ. ದೊಡ್ಡ ಖ್ಯಾಲಿನಿಂದ ಶುರು ಮಾಡಬೇಡಿ, ಮುಕ್ಕಾಲು ಗಂಟೆಯ ವಿಲಂಬಿತ ಕೇಳಿ ಹತ್ತು ನಿಮಿಷಕ್ಕೆ ಓಡಿಹೋಗುತ್ತೀರಿ. ಪುರಂದರದಾಸರ ಪದ ಐದಾರು ನಿಮಿಷದ್ದು, ಮಾತು ನಮ್ಮದು. ಅದಾದ ಮೇಲೆ ಅವರ ಮರಾಠಿ ಅಭಂಗ ಕೇಳಿ. ಎರಡನ್ನೂ ಒಂದರ ಬೆನ್ನಿಗೊಂದು ಕೇಳಿದರೆ ತಮಾಷೆ ತಿಳಿಯುತ್ತದೆ: ದೇವರು ಅದೇ ವಿಠ್ಠಲ, ಕಂಠ ಅದೇ, ಆದರೆ ಕನ್ನಡಕ್ಕೆ ಬಂದಾಗ ಅವರ ಉಚ್ಚಾರದಲ್ಲಿ ನಮ್ಮ ಗದಗಿನ ಓಣಿಯ ಸಲಿಗೆ ಕೇಳಿಸುತ್ತದೆ, ಅಭಂಗದಲ್ಲಿ ದಿಂಡಿಯ ಹೆಜ್ಜೆ. ಆಷಾಢದಲ್ಲಿ ಹಡಪಸರಕ್ಕೆ ಹೋಗಿ ಪಾಲಖಿ ನೋಡಿದವರಿಗೆ ಈ ಹೆಜ್ಜೆ ಗೊತ್ತು. ಅಂದ ಹಾಗೆ ಜ್ಞಾನೇಶ್ವರರು ಒಂದು ಅಭಂಗದಲ್ಲಿ ವಿಠ್ಠಲನನ್ನು ಕನ್ನಡದವನೆಂದೇ ಕರೆದಿದ್ದಾರೆ. ನಿಮ್ಮ ಮರಾಠಿ ಗೆಳೆಯರನ್ನು ಚೇಷ್ಟೆ ಮಾಡಲು ಇದಕ್ಕಿಂತ ಒಳ್ಳೆಯ ಆಧಾರ ಬೇಕೆ? 'ಸಂಧ್ಯಾರಾಗ' (1966) ಚಿತ್ರದಲ್ಲಿ ಭೀಮಸೇನರು ಹಾಡಿದ್ದನ್ನೂ ಬಿಡಬೇಡಿ. ರಾಜಕುಮಾರ್ ಅಭಿನಯ, ಅ.ನ.ಕೃ. ಅವರ ಕಾದಂಬರಿ.

ದಾಸವಾಣಿಯ ರುಚಿ ಹತ್ತಿದ ಮೇಲೆ ಮಲ್ಲಿಕಾರ್ಜುನ ಮನಸೂರ. ಇಲ್ಲಿ ನನ್ನ ಪಕ್ಷಪಾತ ಬಚ್ಚಿಡುವುದಿಲ್ಲ, ನನಗೆ ಎಲ್ಲರಿಗಿಂತ ಇವರೇ ಮೇಲು. ಭೀಮಸೇನರ ಹಾಡು ಮಳೆಗಾಲದ ಹೊಳೆಯ ಹಾಗೆ ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ. ಮನಸೂರರದು ಹಾಗಲ್ಲ. ಶಿವಮತ ಭೈರವದಂಥ ಅಪರೂಪದ ರಾಗವನ್ನು ಮುದುಕರೊಬ್ಬರು ಕಟ್ಟೆಯ ಮೇಲೆ ಕೂತು ಮೊಮ್ಮಗನಿಗೆ ಕಥೆ ಹೇಳಿದಷ್ಟು ಸಹಜವಾಗಿ ಹೇಳುತ್ತಾರೆ, ನೀವು ಕಿವಿ ಚುರುಕು ಮಾಡಿಕೊಂಡು ಬೆನ್ನು ಹತ್ತಬೇಕು. ಅವರು ಹಾಡಿದ ಅಕ್ಕಮಹಾದೇವಿಯ ವಚನಗಳೂ ಇವೆ. ಕುಮಾರ ಗಂಧರ್ವರನ್ನು (ಅವರೂ ನಮ್ಮ ಬೆಳಗಾವಿ ಕಡೆಯವರೇ, ಸುಳೇಭಾವಿಯ ಶಿವಪುತ್ರ) ನಾಲ್ಕನೆಯದಾಗಿ ಇಟ್ಟುಕೊಳ್ಳಿ. ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದು ಎದ್ದವರ ಉಸಿರು ಅದು, ಸ್ವಲ್ಪ ವಯಸ್ಸಾದ ಮೇಲೆ ಹಿಡಿಸುತ್ತದೆ.

ಮೂರನೆಯವರು ಗಂಗೂಬಾಯಿ ಹಾನಗಲ್. ಅವರ ವಿಷಯ ನಿಧಾನವಾಗಿ ಹೇಳಬೇಕು. ಮೊದಲ ಸಲ ಕೇಳಿದವರು "ಇದು ಗಂಡಸಿನ ದನಿ" ಎನ್ನುತ್ತಾರೆ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದನಿ ಬದಲಾಯಿತು. ಅದನ್ನು ಮುಚ್ಚಿಡದೆ ಅದರಲ್ಲೇ ತಮ್ಮ ಹಾಡು ಕಟ್ಟಿದರು. ಅವರ 'ನನ್ನ ಬದುಕಿನ ಹಾಡು' ಆತ್ಮಕಥೆಯನ್ನು ನಾನು ಎರಡು ದಿನದಲ್ಲಿ ಓದಿ ಮುಗಿಸಿದೆ, ಮನೆಯವರಿಗೆ ಎರಡೂ ದಿನ ಬರೀ ಅನ್ನ ಸಾರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಹನ್ನೊಂದರ ಹುಡುಗಿಗೆ, ಊಟವಾದ ಮೇಲೆ ತನ್ನ ಜಾತಿಯ ಕಾರಣಕ್ಕೆ ಎಲೆ ಎತ್ತಲು ಹೇಳಿಯಾರೋ ಎಂಬ ಅಂಜಿಕೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಮಗಳ ಹಿಂದೂಸ್ತಾನಿಗೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಈ ಸಾಲು ಓದಿದಾಗ ನಾನು ಪುಸ್ತಕ ಮಡಚಿಟ್ಟು ಕಿಟಕಿಯ ಬಳಿ ಬಹಳ ಹೊತ್ತು ನಿಂತಿದ್ದೆ.

ಇನ್ನೊಂದು ಪುಸ್ತಕ ನಮ್ಮ ಮನೆಯಲ್ಲಿ ಗಲಾಟೆಯನ್ನೇ ಎಬ್ಬಿಸಿತು. ಭೀಮಸೇನರ ಹಿರಿಯ ಮಗ ರಾಘವೇಂದ್ರ ಜೋಶಿಯವರು ಮರಾಠಿಯಲ್ಲಿ ಬರೆದ 'ಗಾಣಾರ್‍ಯಾಚೇ ಪೋರ್'. 2016ರಲ್ಲಿ ಅದರ ಇಂಗ್ಲಿಷ್ ಅನುವಾದ 'ಭೀಮಸೇನ್ ಜೋಶಿ, ಮೈ ಫಾದರ್' ಬಂತು. ಭೀಮಸೇನರು ಎರಡನೆಯ ಮದುವೆಯಾಗಿ ಬೇರೆ ಸಂಸಾರ ಹೂಡಿದ ಮೇಲೆ ಮೊದಲ ಪತ್ನಿ, ಅವರ ಮಕ್ಕಳು ಹೇಗೆ ಬದುಕಿದರು ಎಂಬುದನ್ನು ಆ ಮಗ ಬರೆದಿದ್ದಾರೆ, ದ್ವೇಷವಿಲ್ಲದೆ, ತಂದೆಯ ಹಾಡಿನ ಮೇಲಿನ ಮೋಹ ಕಡಿಮೆಯಾಗದೆ. ಮಗಳು ಓದಿ ಮುಗಿಸಿ, "ಅವ್ವಾ, ಇಷ್ಟು ತಿಳಿದ ಮೇಲೂ ಮುಂಜಾನೆ ಅದ ಹಾಡು ಹ್ಯಾಂಗ ಹಚ್ಚತಿ?" ಎಂದು ನೇರವಾಗಿ ಕೇಳಿದಳು. ಮನೆಯೊಳಗೇ ಜೀವ ಸವೆಸಿದ ಹೆಂಗಸಿಗೆ ಇದು ಚುಚ್ಚುವ ಪ್ರಶ್ನೆ. "ಕಲಾವಿದರ ಬದುಕು ಬೇರೆ, ಕಲೆ ಬೇರೆ" ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಕಾಲೇಜಿನಲ್ಲಿ ಬೈರನ್ ಕವಿಯನ್ನು ಓದುವಾಗ ನಮಗೂ ಹಾಗೆಯೇ ಹೇಳಿಕೊಟ್ಟಿದ್ದರು. ನನಗೆ ಆ ಉತ್ತರ ಆಗಲೂ ರುಚಿಸಿರಲಿಲ್ಲ. ಮಗಳಿಗೆ ಹೇಳಿದೆ: "ಹಚ್ಚತೀನಿ. ಆದರ ಈಗ ಹಾಡು ಕೇಳುವಾಗ ಆ ತಾಯಿನೂ ನೆನಪಾಗತಾರ. ನೆನಪಾಗಲಿ." ಅವಳಿಗೆ ಸಮಾಧಾನವಾಗಲಿಲ್ಲ. ಅವಳು ಇವತ್ತಿಗೂ ಮನಸೂರರನ್ನೇ ಕೇಳುತ್ತಾಳೆ. ಇರಲಿ, ನನಗೂ ಅದು ನಷ್ಟವಲ್ಲ.

ಅವಳನ್ನು ಕರೆದುಕೊಂಡೇ ನಾನು ಕುಂದಗೋಳಕ್ಕೆ ಹೋದದ್ದು. ಪುಣೆಯಿಂದ ರೈಲು ಹತ್ತಿದರೆ ದಾರಿಯೇ ಒಂದು ಪಾಠ. 2024ರಿಂದ ವಂದೇ ಭಾರತವೂ ಓಡುತ್ತಿದೆ, ಆದರೆ ಮಿರಜದಲ್ಲಿ ನಿಧಾನ ನಿಲ್ಲುವ ಗಾಡಿ ಆರಿಸಿಕೊಳ್ಳಿ. ಸಿತಾರು ತಂಬೂರಿ ಮಾಡುವ ಮನೆತನಗಳ ಊರು ಅದು. ತಂಬೂರಿಗೆ ಬೇಕಾದ ದಪ್ಪ ಸೋರೆಬುರುಡೆ ಬರುವುದು ಪಂಢರಪುರ, ಮಂಗಳವೇಢೆ ಸೀಮೆಯ ಹೊಲಗಳಿಂದ. ವಿಠ್ಠಲ ಇಲ್ಲಿಯೂ ಬಿಡಲಿಲ್ಲ ನೋಡಿ! ಅಬ್ದುಲ್ ಕರೀಂ ಖಾನರು 1937ರಲ್ಲಿ ಮದರಾಸಿನ ಕಡೆ ಪ್ರಯಾಣದಲ್ಲಿ ಆಯಾಸವಾಗಿ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದು ಪ್ಲಾಟ್‌ಫಾರಮ್ಮಿನಲ್ಲೇ ಪ್ರಾಣ ಬಿಟ್ಟರು. ಅವರನ್ನು ಮಣ್ಣು ಮಾಡಿದ್ದು ಮಿರಜದ ಮೀರಾಸಾಹೇಬ ದರ್ಗಾದಲ್ಲಿ. ಉರುಸಿನಲ್ಲಿ ಅಲ್ಲಿ ಹಾಡಲು ದೊಡ್ಡ ದೊಡ್ಡ ಗಾಯಕರು ಬರುತ್ತಾರೆ. ಕೊಂಢವಾದ ನಮ್ಮ ಪಕ್ಕದ ಮನೆಯ ಆಪಾ ಈ ಸಂಗತಿ ಕೇಳಿ, "ಮುಂದಿನ ಸಲ ನಾನೂ ಬರತೇನೆ" ಎಂದಿದ್ದಾರೆ.

ಹುಬ್ಬಳ್ಳಿಯಿಂದ ಕುಂದಗೋಳ ಸಣ್ಣ ಪ್ರಯಾಣ. ಎರೆಹೊಲ, ಮೆಣಸಿನಗಿಡ, ಹತ್ತಿ. ಊರೊಳಗೆ ನಾಡಿಗೇರರ ವಾಡೆ ಇದೆ. ದಪ್ಪ ಗೋಡೆ, ಮರದ ಕಂಬಗಳು. ಸವಾಯಿ ಗಂಧರ್ವರ ನೆನಪಿನಲ್ಲಿ ಪ್ರತಿವರ್ಷ ಇಲ್ಲಿಯೂ ಸಂಗೀತೋತ್ಸವ ನಡೆಯುತ್ತದೆ. ಪುಣೆಯ ಮಂಟಪ, ಪರದೆ, ದೊಡ್ಡ ದೊಡ್ಡ ಜಾಹೀರಾತು ನೋಡಿ ಬಂದ ಮಗಳು ಸುತ್ತ ನೋಡಿ, "ಇಷ್ಟ ಜಾಗಾನಾ ಅವ್ವಾ?" ಎಂದಳು. ಇಷ್ಟೇ ಜಾಗ. ಗಂಗೂಬಾಯಿ ಹುಬ್ಬಳ್ಳಿಯಿಂದ ಸಂಜೆಯ ಗಾಡಿಗೆ ಬಂದು, ಪಾಠ ಮುಗಿಸಿ, ರಾತ್ರಿ ಗಾಡಿಗೆ ತಿರುಗಿ ಹೋಗುತ್ತಿದ್ದರು. ಅವರನ್ನು ಸ್ಟೇಷನ್ನಿನ ತನಕ ಮುಟ್ಟಿಸಿ ಬರುತ್ತಿದ್ದವನು ಹುಡುಗ ಭೀಮಸೇನ. ಅಕ್ಕ ಎಂದೇ ಕರೆಯುತ್ತಿದ್ದ, ಮುದುಕನಾದ ಮೇಲೂ ಹಾಗೆಯೇ ಕರೆದ. ನಾವಿಬ್ಬರೂ ಆ ದಾರಿಯನ್ನು ನಡೆದೇ ಹೋದೆವು. ಬಿಸಿಲು ವಿಪರೀತ. ಮಗಳು ಕಿವಿಯಿಂದ ಯಂತ್ರ ತೆಗೆದು ಚೀಲದಲ್ಲಿ ಇಟ್ಟಳು, ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಗಂಗೂಬಾಯಿಯವರು ಗಾಡಿ ತಪ್ಪಿದರೆ ಏನು ಮಾಡುತ್ತಿದ್ದರು ಎಂದು ಕೇಳಿದಳು. ಮನೆಯಲ್ಲಿ ಸಣ್ಣ ಮಕ್ಕಳಿದ್ದ ಹೆಂಗಸಿನ ಬಗ್ಗೆ ಕೇಳಬೇಕಾದ ಪ್ರಶ್ನೆಯೇ ಅದು.

ಬರುವಾಗ ಧಾರವಾಡದಲ್ಲಿ ಮನಸೂರರ 'ಮೃತ್ಯುಂಜಯ' ಮನೆ ನೋಡಿದೆವು. ಅವರ 'ನನ್ನ ರಸಯಾತ್ರೆ' ನಾನು ಓದಿದ ಕನ್ನಡ ಆತ್ಮಕಥೆಗಳಲ್ಲಿ ಅತ್ಯಂತ ನಿರಾಡಂಬರವಾದದ್ದು: ನಾಟಕ ಕಂಪನಿ, ಮಿರಜದ ನೀಲಕಂಠಬುವಾ, ಆಮೇಲೆ ಮಂಜಿಖಾನ, ಅವರು ಬೇಗ ತೀರಿಕೊಂಡ ಮೇಲೆ ಅವರ ತಮ್ಮ ಬುರ್ಜಿಖಾನ. ತಮ್ಮ ಬಗ್ಗೆ ಕಡಿಮೆ, ಗುರುಗಳ ಬಗ್ಗೆ ಹೆಚ್ಚು. ಕನ್ನಡ ಓದಲು ಬಾರದವರಿಗೆ ಅವರ ಮಗ ರಾಜಶೇಖರ ಮನಸೂರ, ಅವರು ಇಂಗ್ಲಿಷ್ ಪ್ರಾಧ್ಯಾಪಕರೂ ಆಗಿದ್ದರು, ಗಾಯಕರೂ ಆಗಿದ್ದರು, ಇಂಗ್ಲಿಷಿಗೆ ತಂದಿದ್ದಾರೆ. ನಮಿತಾ ದೇವಿದಯಾಳರ 'ದಿ ಮ್ಯೂಸಿಕ್ ರೂಮ್' (2007) ನಿಮ್ಮ ವಯಸ್ಸಿನವರಿಗೆ ಬೇಗ ಹಿಡಿಸಬಹುದು. ಮುಂಬಯಿಯ ಹುಡುಗಿಯೊಬ್ಬಳು ಧೋಂಡುತಾಯಿ ಕುಲಕರ್ಣಿಯವರಲ್ಲಿ ಕಲಿತ ಕಥೆ, ಅವರದೂ ಮನಸೂರರ ಘರಾಣೆಯೇ.

ಆದರೆ ರಸಯಾತ್ರೆಯನ್ನು ಇಂಗ್ಲಿಷಿನಲ್ಲಿ ಓದಿ ಸಾಕೆನ್ನುವವರಿಗೆ ಒಂದು ಮಾತು. ಧಾರವಾಡದ ಹಿರಿಯರೊಬ್ಬರು ಮಾತಾಡುತ್ತ ಕುಳಿತಂತಿರುವ ಆ ಕನ್ನಡ ಕಿವಿಗೆ ಬೀಳದಿದ್ದರೆ ಅರ್ಧ ಸಿಕ್ಕಂತೆ. ಅಕ್ಷರ ಬಾರದವರು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಮನೆಗೆ ಬನ್ನಿ, ನಾನು ಓದುತ್ತೇನೆ, ನೀವು ಕೇಳಿರಿ. ಹೋದ ತಿಂಗಳಿಂದ ನಾಲ್ವರು ಬರುತ್ತಿದ್ದಾರೆ, ಮಂಜಿಖಾನರ ತನಕ ಬಂದಿದ್ದೇವೆ. ಗೇಟಿನಲ್ಲಿ ವಾಚ್‌ಮನ್ ಕೇಳಿದರೆ ಗಾಣೇವಾಲಿ ಕಾಕೂ ಮನೆ ಎಂದು ಹೇಳಿ. ನನಗೆ ಹಾಡಲು ಬರುವುದಿಲ್ಲ ಎಂದು ಅವನಿಗೆ ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.