ಮೊದಲನೆಯ ಸ್ಥಾನ

ಪಂಕ್ತಿಯಲ್ಲಿ ಮೊದಲ ಎಲೆಗೆ ಕುಳಿತವನೇ ಶ್ರೇಷ್ಠನೆಂಬ ಭ್ರಮೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ತರಗತಿಯಲ್ಲಿ ಮೊದಲು, ಮೆರವಣಿಗೆಯಲ್ಲಿ ಮೊದಲು, ಮದುವೆಯ ಛಾಯಾಚಿತ್ರದಲ್ಲಿಯೂ ಮೊದಲ ಸಾಲು! ಈಚೆಗೆ ಈ ಪಟ್ಟಿಗೆ ಇನ್ನೊಂದು ಹಂಬಲ ಸೇರಿಕೊಂಡಿದೆ: ಅಂತರಜಾಲದಲ್ಲಿ ಯಾರು ಏನನ್ನು ಹುಡುಕಿದರೂ ತಮ್ಮ ಜಾಲತಾಣವೇ ಮೊದಲು ಕಣ್ಣಿಗೆ ಬೀಳಬೇಕೆಂಬುದು.

ಪುತ್ತೂರಿನ ಒಬ್ಬ ತರುಣನಿಗೆ ಈ ಹಂಬಲವೇ ಜೀವನೋಪಾಯ. ಪೇಟೆಯ ಮಹಡಿಯೊಂದರ ಪುಟ್ಟ ಕೋಣೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು, ಪರರ ಜಾಲತಾಣಗಳನ್ನು ಗೂಗಲ್ಲಿನ ಪಟ್ಟಿಯಲ್ಲಿ ಮೇಲಕ್ಕೇರಿಸುವುದು ಅವನ ಕಸುಬು. ಒಮ್ಮೆ ತೋಟದ ಔಷಧ ಮಾರುವ ವರ್ತಕರೊಬ್ಬರಿಗಾಗಿ ಅಡಕೆಯ ಕೊಳೆರೋಗದ ಬಗ್ಗೆ ಒಂದು ಪುಟವನ್ನು ಸಿದ್ಧಪಡಿಸಿದ. ಅಡಕೆಯ ಮಹಿಮೆಯಿಂದ ಆರಂಭ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಯ ತೋಟಗಳಿಗಾಗಿ ಬೋರ್ಡೋ ದ್ರಾವಣವನ್ನು ಪ್ರಚುರಪಡಿಸಿದ ಕಥೆ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಶಿಲೀಂಧ್ರವನ್ನು ವಿವರಿಸಿದ ವೃತ್ತಾಂತ. ಎಲ್ಲವೂ ಸತ್ಯವೇ. ಆದರೆ ‘ಕೊಳೆರೋಗಕ್ಕೆ ಔಷಧ’ ಎಂಬ ಮಾತು ಮಂತ್ರಜಪದಂತೆ ಪ್ರತಿ ಪರಿಚ್ಛೇದದಲ್ಲಿಯೂ ಮರುಕಳಿಸುತ್ತಿತ್ತು. ಯಂತ್ರವು ಪ್ರಸನ್ನವಾಯಿತು, ಪುಟ ಪಟ್ಟಿಯ ತುದಿಗೇರಿತು, ವರ್ತಕರು ಪೆಟ್ಟಿಗೆ ತುಂಬ ಸಿಹಿ ಕಳುಹಿಸಿದರು.

ತರುಣನ ತಾಯಿ ಕಡಬದಾಚೆ, ಕುಮಾರಧಾರೆಗೆ ಸಮೀಪದ ಹಳ್ಳಿಯಲ್ಲಿ ತೋಟ ನೋಡಿಕೊಂಡಿದ್ದರು. ಯಜಮಾನರು ತೀರಿಕೊಂಡು ವರ್ಷ ತುಂಬಿರಲಿಲ್ಲ. ಔಷಧ ಬೆರೆಸುವುದು ಅದುವರೆಗೆ ಅವರದೇ ಕೆಲಸವಾಗಿತ್ತು. ಮುಂಗಾರು ಹಿಡಿದು ಎರಡು ವಾರವಾಗಿ, ಕೆಲವು ಮರಗಳ ಬುಡದಲ್ಲಿ ಎಳೆಯ ಕಾಯಿಗಳು ಉದುರತೊಡಗಿದ್ದವು. ಒಂದು ಬೆಳಿಗ್ಗೆ ಮಳೆ ಹೊಳವಾಯಿತು. ಮರವೇರುವ ಹುಡುಗನೂ ಬಂದ. ಆದರೆ ಅವನು ಹೊಸಬ. ಮೈಲುತುತ್ತು ಎಷ್ಟು, ಸುಣ್ಣ ಎಷ್ಟು, ಯಾವುದನ್ನು ಯಾವುದಕ್ಕೆ ಸುರಿಯಬೇಕು? ತಾಯಿ ಕನ್ನಡಕವೇರಿಸಿ ಕೈಫೋನಿನಲ್ಲಿ ಹುಡುಕಿದರು.

ಮೊದಲು ಬಂದ ಪುಟವನ್ನೇ ತೆರೆದರು. ಗುಡ್ಡದ ಮರೆಯ ಮನೆ. ಸಂಕೇತ ಬಂದು ಹೋಗಿ ಮಾಡುತ್ತಿತ್ತು. ಒಂದು ಚಿತ್ರ ಅರ್ಧ ಇಳಿಯಿತು. ಅದರ ಮೇಲೆ ಜಾಹೀರಾತೊಂದು ಕುಳಿತಿತು. ಅದನ್ನು ಸರಿಸಿದರೆ ಫ್ರಾನ್ಸಿನ ದ್ರಾಕ್ಷಿ, ಇನ್ನೂ ಕೆಳಗಿಳಿದರೆ ಮೈಸೂರು ಸಂಸ್ಥಾನ. ಬಾನು ಮತ್ತೆ ಕಪ್ಪಾಗತೊಡಗಿತು. ಕೊನೆಗೆ ಮಗನಿಗೇ ಕರೆ ಮಾಡಿದರು.

ಮಗನಿಗೂ ತಿಳಿಯದು! ಒಂದು ನಿಮಿಷ ತಾಳೆಂದು ಹೇಳಿ, ಅವನೂ ಹುಡುಕಿದ. ಮೊದಲು ಬಂದದ್ದು ಅವನದೇ ಪುಟ. ಬರೆದವನಿಗೇ ಬೇಕಾದ ಸಾಲು ಸಿಕ್ಕಲಿಲ್ಲವೆಂದರೆ ಓದಿದವರ ಪಾಡೇನು? ಅವನು ಫೋನು ಹಿಡಿದು ಸುಮ್ಮನೆ ಕುಳಿತ. ಆಚೆ ತುದಿಯಲ್ಲಿ ತಾಯಿ, “ಹನಿ ಬೀಳುತ್ತಿದೆ” ಎಂದರು.

ಪರಿಹಾರ ದೊರೆತದ್ದು ಸುಳ್ಯದಿಂದ. ಅಲ್ಲಿ ಪಯಸ್ವಿನಿಯ ಕಡೆ ಕೃಷಿಕರಾಗಿದ್ದ ಸೋದರಮಾವನ ಕೊಟ್ಟಿಗೆಯ ಬಾಗಿಲಿನ ಮೇಲೆ ಸುಣ್ಣದಲ್ಲಿ ನಾಲ್ಕು ಸಾಲು ಬರೆದಿತ್ತು. ಅದನ್ನವರು ಓದಿ ಹೇಳಿದರು: ಮೈಲುತುತ್ತು 1 ಕಿಲೋ, 50 ಲೀಟರು ನೀರಿನಲ್ಲಿ. ಸುಟ್ಟ ಸುಣ್ಣ 1 ಕಿಲೋ, ಬೇರೆ 50 ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯುವುದು. ಕಬ್ಬಿಣದ ಚೂರಿ ಅದ್ದಿ ನೋಡುವುದು. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ.

ಅಷ್ಟೇ. ಆದರೆ ಅಂದು ಮಳೆ ನಿಲ್ಲಲಿಲ್ಲ. ಮೂರು ದಿನ ಸುರಿಯಿತು. ಔಷಧ ಮರಕ್ಕೇರುವಷ್ಟರಲ್ಲಿ ತೋಟದ ಒಂದು ಮೂಲೆಯ ಫಸಲು ನೆಲ ಸೇರಿತ್ತು.

ಆ ಬಾಗಿಲಿಗೆ ಯಾವ ಪಟ್ಟಿಯಲ್ಲಿಯೂ ಸ್ಥಾನವಿಲ್ಲ. ಆದರೂ ಅದು ಓದುಗನನ್ನು ಬಲ್ಲದು. ಅವನ ಕೈ ಒದ್ದೆಯಾಗಿದೆ, ಸಮಯವಿಲ್ಲ, ಬೇಕಾದದ್ದು ಅಳತೆ ಎಂಬುದನ್ನು ಅದು ಅರಿತಿದೆ. ಈ ನೆಲಕ್ಕೆ ಇಂಥ ವಿವೇಕ ಹೊಸದಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಮಾಡಿ ನೋಡಿದವನೇ ಬರೆದರೆ ಓದುವವನಿಗೆ ಏನು ಬೇಕೆಂಬುದು ಅವನಿಗೆ ಹೇಳಿಕೊಡದೆಯೇ ಗೊತ್ತಿರುತ್ತದೆ.

ಹಾಗೆಂದು ಯಂತ್ರವನ್ನು ಹಳಿಯುವುದೂ ನ್ಯಾಯವಲ್ಲ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಗೂಗಲ್ಲನ್ನು ಸ್ಥಾಪಿಸಿದಾಗ ಅವರ ಯುಕ್ತಿ ಸರಳವಾಗಿತ್ತು: ಹತ್ತು ಗಣ್ಯ ಪುಟಗಳು ಯಾವ ಪುಟದತ್ತ ಬೆರಳು ತೋರುತ್ತವೆಯೋ ಅದು ಯೋಗ್ಯವಾದುದು. ನಮ್ಮ ಊರಿನಲ್ಲಿ ವೈದ್ಯರನ್ನು ಹುಡುಕುವ ಕ್ರಮವೂ ಇದೇ ಅಲ್ಲವೇ? ಆದರೆ ಹೊಗಳಿಕೆಗೆ ಬೆಲೆಯುಂಟೆಂದು ತಿಳಿದೊಡನೆ ಬಾಡಿಗೆಯ ಹೊಗಳುಭಟರು ಹುಟ್ಟಿಕೊಂಡರು. 2011ರಲ್ಲಿ ಸತ್ತ್ವಹೀನ ಪುಟಗಳನ್ನು ಕೆಳಗಿಳಿಸಲು, 2012ರಲ್ಲಿ ಬಾಡಿಗೆಯ ಶಿಫಾರಸುಗಳನ್ನು ತಳ್ಳಿಹಾಕಲು ಗೂಗಲ್ ತನ್ನ ಕ್ರಮವನ್ನು ತಿದ್ದಿತು. 2021ರಿಂದ ಪುಟ ಓದುವಾಗ ಅತ್ತಿತ್ತ ಜಿಗಿಯುವುದೇ ಎಂಬುದನ್ನೂ ಎಣಿಸತೊಡಗಿತು. 2022ರಲ್ಲಿ, ಜನರಿಗಾಗಿಯಲ್ಲದೆ ಯಂತ್ರಕ್ಕಾಗಿ ಬರೆದುದನ್ನು ಹಿಂದೆ ಸರಿಸುವೆನೆಂದು ಸಾರಿತು. ಅಂದರೆ, ಯಂತ್ರವು ಓದುಗನ ಮನಸ್ಸನ್ನು ಹಿಡಿಯಲು ಓಡುತ್ತಿದೆ. ಓದುಗನನ್ನು ಬಿಟ್ಟು ಯಂತ್ರದ ಹಿಂದೆ ಓಡುವವನು ನೆರಳಿನ ನೆರಳನ್ನು ಬೆನ್ನಟ್ಟುತ್ತಾನೆ.

ಕಾಣಿಸದ ಪುಟದಿಂದಲೂ ಪ್ರಯೋಜನವಿಲ್ಲವೆಂಬುದು ನಿಜ. ವಿಷಯಕ್ಕೆ ತಕ್ಕ ಶೀರ್ಷಿಕೆ, ಯಂತ್ರಕ್ಕೂ ಓದಲು ಬರುವ ಕನ್ನಡದ ಅಕ್ಷರ, ಇವೆಲ್ಲ ಬೇಕು. ಅವು ಅಂಗಡಿಯ ನಾಮಫಲಕವಿದ್ದಂತೆ. ಆದರೆ ನಾಮಫಲಕ ನೋಡಿ ಒಳಬಂದವನಿಗೆ ಸರಕು ದೊರೆಯಬೇಕು. ಮೇಲೆ ಥಳುಕು, ಒಳಗೆ ಹುಳುಕಾದರೆ ಅವನು ಮತ್ತೆ ಆ ಮೆಟ್ಟಿಲು ತುಳಿಯನು.

ತರುಣ ಅಂದೇ ರಾತ್ರಿ ಕುಳಿತು ಪುಟವನ್ನು ಒಡೆದು ಕಟ್ಟಿದ. ಮಾವನ ಬಾಗಿಲಿನ ನಾಲ್ಕು ಸಾಲು ತಲೆಯಲ್ಲಿ. ಮಿಲಾರ್ಡೆ, ಕೋಲ್ಮನ್ ಕೊನೆಯಲ್ಲಿ. ಭಾರದ ಚಿತ್ರಗಳು ಹೋದವು. ಅಡ್ಡ ಕುಳಿತ ಜಾಹೀರಾತೂ ಹೋಯಿತು. ವರ್ತಕರು ಕಳವಳದಿಂದ, “ಸ್ಥಾನ ಕೆಳಗಿಳಿದರೆ?” ಎಂದು ಕೇಳಿದರು. “ಇಳಿಯಲೂಬಹುದು” ಎಂದ ಅವನು. ಆ ಸಲ ಸಿಹಿ ಬರಲಿಲ್ಲ.

ಸುಮಾರು 40 ದಿನಗಳ ಮೇಲೆ ಎರಡನೆಯ ಸಿಂಪಡಣೆಯ ಹೊತ್ತು ಬಂತು. ಅಂದು ಸಂಜೆ ತಾಯಿ ಎಂದಿನಂತೆ ಮಾತನಾಡಿದರು. ಊಟವಾಯಿತೇ ಎಂದರು, ಹಸು ಕರು ಹಾಕಿದ ಸುದ್ದಿ ಹೇಳಿದರು. ಮಗನೇ ತಡೆಯಲಾರದೆ ಔಷಧದ ಮಾತೆತ್ತಿದ.

“ಅದಾ? ಬೆಳಿಗ್ಗೆಯೇ ಮುಗಿಯಿತು. ಫೋನಿನಲ್ಲಿತ್ತಲ್ಲ” ಎಂದರು ತಾಯಿ, ಮತ್ತೆ ಕರುವಿನ ಬಣ್ಣವನ್ನು ವರ್ಣಿಸತೊಡಗಿದರು.