ಹಕ್ಕಿಯ ಕಾಲಿಗೆ ಉಂಗುರ, ನಮ್ಮೂರಿನ ಕಾಯಿಲೆ

ಈ ಸಲದ ದಸರಾ ರಜೆಯಲ್ಲಿ ಒಂದು ವಾರ ನಾನು ತಮಿಳುನಾಡಿನ ಕೋಡಿಯಕ್ಕರೈಯಲ್ಲಿದ್ದೆ. ವನ್ಯಜೀವಿ ವಿಜ್ಞಾನ ಓದುತ್ತಿರುವ ನನ್ನ ಖಾಲಾನ ಮಗ ಅಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವವರ ಜೊತೆ ಕೆಲಸ ಕಲಿಯುತ್ತಿದ್ದಾರೆ. "ಬಾ, ಆದರೆ ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು" ಎಂದಿದ್ದರು. ಫಜ್ರ್‌ಗೆ ಏಳುವವರಿಗೆ ಅದೇನು ಮಹಾ ಅಂದುಕೊಂಡೆ. ರಾತ್ರಿ ಹನ್ನೊಂದರವರೆಗೂ ಕೆಲಸವಿರುತ್ತದೆ ಎಂಬುದನ್ನು ಭಾಯಿ ಹೇಳಿರಲಿಲ್ಲ.

ಸಾಗರದಿಂದ ಬೆಂಗಳೂರು, ಅಲ್ಲಿಂದ ರೈಲಿನಲ್ಲಿ ಮಯಿಲಾಡುತುರೈ, ಆಮೇಲೆ ನಾಗಪಟ್ಟಣ, ವೇದಾರಣ್ಯ ಎಂದು ಬಸ್ಸಿನ ಮೇಲೆ ಬಸ್ಸು. ಬಂಗಾಳಕೊಲ್ಲಿಯ ದಡ ಅಲ್ಲಿ ಮೊಣಕೈಯಂತೆ ಬಾಗಿ ಪಾಕ್ ಜಲಸಂಧಿಯ ಕಡೆ ತಿರುಗುತ್ತದೆ. ಆ ಮೂಲೆಯೇ ಕೋಡಿಯಕ್ಕರೈ. ಒಂದು ಕಡೆ ಕುರುಚಲು ಕಾಡು, ಅದರಲ್ಲಿ ಕೃಷ್ಣಮೃಗಗಳು. ಇನ್ನೊಂದು ಕಡೆ ಕಣ್ಣು ಹಾಯುವಷ್ಟು ದೂರ ಕೆಸರು ಮತ್ತು ಉಪ್ಪಿನ ಗದ್ದೆ. ಉತ್ತರದಲ್ಲಿ ಚಳಿ ಶುರುವಾಗುತ್ತಿದ್ದಂತೆ ಸೈಬೀರಿಯ, ಮಧ್ಯ ಏಷ್ಯಾ, ಹಿಮಾಲಯದ ಕಡೆಯಿಂದ ಹೊರಟ ಹಕ್ಕಿಗಳು ಇಲ್ಲಿ ಇಳಿಯುತ್ತವೆ. ಕೆಲವು ಇಲ್ಲೇ ಚಳಿಗಾಲ ಕಳೆಯುತ್ತವೆ, ಕೆಲವು ಸಮುದ್ರ ದಾಟಿ ಶ್ರೀಲಂಕಾಕ್ಕೆ ಹೋಗುತ್ತವೆ.

ಉಂಗುರ ತೊಡಿಸಲು ತರಬೇತಿ ಬೇಕು, ಸರ್ಕಾರದ ಅನುಮತಿಯೂ ಬೇಕು. ಹಾಗಾಗಿ ನನ್ನ ಪಾಲಿಗೆ ಬಂದದ್ದು ದಾಖಲೆ ಪುಸ್ತಕ ಮತ್ತು ಬಟ್ಟೆಚೀಲಗಳು. ಕತ್ತಲಿರುವಾಗಲೇ ಪೊದೆಗಳ ನಡುವೆ ಗಳು ನೆಟ್ಟು ಬಲೆ ಕಟ್ಟುತ್ತಾರೆ. ಇದಕ್ಕೆ ಮಿಸ್ಟ್ ನೆಟ್ ಎನ್ನುತ್ತಾರೆ. ದಾರ ಎಷ್ಟು ತೆಳುವೆಂದರೆ ಮೊದಲ ದಿನ ನಾನೇ ಹಣೆ ತಾಗಿಸಿಕೊಂಡು ನಿಂತೆ. ಹಾರಿ ಬಂದ ಹಕ್ಕಿ ಬಲೆಗೆ ತಾಗಿ ಕೆಳಗಿನ ಮಡಿಕೆಯಲ್ಲಿ ಜೋಲಿಯಲ್ಲಿ ಮಲಗಿದಂತೆ ಬೀಳುತ್ತದೆ. ಆಗಾಗ ಹೋಗಿ ನೋಡಲೇಬೇಕು, ಇಲ್ಲದಿದ್ದರೆ ಬಿಸಿಲಿಗೋ ಗಾಬರಿಗೋ ಹಕ್ಕಿ ಸತ್ತೀತು. ಮಳೆಹನಿ ಬಿದ್ದರೆ ಕೂಡಲೇ ಬಲೆ ಮುಚ್ಚಬೇಕು. ಅಕ್ಟೋಬರಿನಲ್ಲಿ ಅಲ್ಲಿ ಹಿಂಗಾರು ಮಳೆ. ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದರಲ್ಲೇ ಎರಡು ದಿನ ಹೋಯಿತು.

ನಾನು ಬರೆದುಕೊಂಡ ಮೊದಲ ಹಕ್ಕಿ ಬ್ಲೈತ್ಸ್ ರೀಡ್ ವಾರ್ಬ್ಲರ್. ಮಣ್ಣುಬಣ್ಣ, ಹೇಳಿಕೊಳ್ಳುವಂಥ ಚೆಲುವೇನಿಲ್ಲ. ಭಾಯಿ ಅದರ ಕುತ್ತಿಗೆಯನ್ನು ತೋರುಬೆರಳು ಮತ್ತು ನಡುಬೆರಳ ನಡುವೆ ಸಡಿಲವಾಗಿ ಹಿಡಿದು, ಅಲ್ಯೂಮಿನಿಯಂ ಉಂಗುರವನ್ನು ಇಕ್ಕಳದಿಂದ ಕಾಲಿಗೆ ಮುಚ್ಚಿದರು. ರೆಕ್ಕೆ 62 ಮಿ.ಮೀ., ತೂಕ 11 ಗ್ರಾಂ. ಎದೆಯ ಪುಕ್ಕವನ್ನು ಮೆಲ್ಲಗೆ ಊದಿ ಚರ್ಮದಡಿಯ ಹಳದಿ ಕೊಬ್ಬನ್ನು ನೋಡಿದರು. ದೂರ ಹಾರುವ ಹಕ್ಕಿಗೆ ಅದೇ ಬುತ್ತಿ. ಅಂಗೈ ತೆರೆದದ್ದೇ ತಡ, ಹಕ್ಕಿ ಪೊದೆ ಸೇರಿ "ಚಕ್, ಚಕ್" ಎಂದಿತು. ಆ ಸದ್ದು ನನಗೆ ಗೊತ್ತಿತ್ತು! ನಮ್ಮ ಮನೆಯ ಬೇಲಿಯಲ್ಲಿ ಮಳೆಗಾಲ ಮುಗಿದ ಮೇಲೆ ದಿನವೂ ಕೇಳುವ ಸದ್ದು. ಅದು ಯಾವ ಹಕ್ಕಿಯೆಂದು ನಾನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಎರಡನೇ ಸಂಜೆ ತಂಡದ ಹಿರಿಯರೊಬ್ಬರು ಯಾವ ಊರು ಎಂದು ಕೇಳಿದರು. ಸಾಗರದ ಕಡೆ ಎಂದೆ. "ಓ, ಮಂಗನ ಕಾಯಿಲೆಯ ಊರು" ಎಂದರು. ನನಗೆ ಒಂದು ಥರ ಆಯಿತು. 2019ರಲ್ಲಿ ಅರಳಗೋಡು ಕಡೆ ಆ ಜ್ವರ ಹಬ್ಬಿ ಜನ ಸತ್ತದ್ದು ನಮ್ಮಲ್ಲಿ ಯಾರೂ ಮರೆತಿಲ್ಲ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಮಂಜಕ್ಕ ಎಂಟು ದಿನ ಜ್ವರದಲ್ಲಿ ಮಲಗಿ ಹೋದರು. ಅವರು ತಂದುಕೊಡುತ್ತಿದ್ದ ನೇರಳೆಹಣ್ಣು ತಿಂದು ಬೆಳೆದವರು ನಾವು. ಇಷ್ಟು ದೂರದ ಸಮುದ್ರದಂಡೆಯಲ್ಲಿ ಅದರ ಮಾತೇಕೆ ಬಂತು?

ಬಂದದ್ದಕ್ಕೆ ಕಾರಣವಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂತು. ಉಣುಗಿನಿಂದ ಹರಡುವ ಆ ವೈರಸ್ ರಷ್ಯಾದ ಕಾಡುಗಳಲ್ಲಿ ಕಂಡಿದ್ದ ವೈರಸ್‌ಗಳ ಸಂಬಂಧಿ ಎಂದು ತಿಳಿದಾಗ ಅನುಮಾನ ಹೋದದ್ದು ಚಳಿಗಾಲಕ್ಕೆ ಅಲ್ಲಿಂದ ಬರುವ ಹಕ್ಕಿಗಳ ಮೇಲೆ. ಅವೇ ಉಣುಗನ್ನು ಹೊತ್ತು ತಂದಿರಬಹುದೇ? ಇದನ್ನು ತಿಳಿಯಲೆಂದೇ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ದೇಶದ ಹಲವು ಕಡೆ ದೊಡ್ಡ ಮಟ್ಟದಲ್ಲಿ ಉಂಗುರ ತೊಡಿಸುವ ಕೆಲಸ ಶುರುಮಾಡಿತು. ಮುಂದಾಳು ಡಾ. ಸಲೀಂ ಅಲಿ. ಹಕ್ಕಿ ಹಿಡಿಯಲು ಬಿಹಾರದ ಮೀರ್‌ಶಿಕಾರಿಗಳು ಬಂದರು. ಬೇಟೆಯೇ ಕುಲಕಸುಬಾಗಿದ್ದ ಅವರ ಕೈಚಳಕ ಹಕ್ಕಿಯನ್ನು ಜೀವಂತ ಹಿಡಿದು ಬಿಡುವುದಕ್ಕೆ ಬಳಕೆಯಾಯಿತು. ಉಂಗುರ ಹಾಕುವುದರ ಜೊತೆಗೆ ಹಕ್ಕಿಯ ಮೈಯ ಉಣುಗನ್ನೂ ಹೆಕ್ಕಿ ಪರೀಕ್ಷೆಗೆ ಕಳಿಸುತ್ತಿದ್ದರು.

ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೆಲಸ ನಡೆಯಿತು. ಹಕ್ಕಿಗಳೇ ರೋಗ ತಂದವು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ವೈರಸ್ ನಮ್ಮ ಕಾಡಿನಲ್ಲೇ, ಉಣುಗು ಮತ್ತು ಸಣ್ಣ ಪ್ರಾಣಿಗಳ ನಡುವೆ ಸುತ್ತುತ್ತಿರುತ್ತದೆ. ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿದಲ್ಲಿ ಉಣುಗು ಹೆಚ್ಚಿ, ಅದು ಮನುಷ್ಯರನ್ನೂ ಮುಟ್ಟುತ್ತದೆ. ರೋಗ ಬಂದಾಗ ಹೊರಗಿನಿಂದ ಬಂದವರ ಕಡೆ ಬೆರಳು ತೋರಿಸಲು ಒಂದು ಗಳಿಗೆ ಸಾಕು. ಆ ಬೆರಳನ್ನು ಕೆಳಗಿಳಿಸಲು ಇಷ್ಟೊಂದು ವರ್ಷ, ಇಷ್ಟೊಂದು ಹಕ್ಕಿ, ಇಷ್ಟೊಂದು ಜನರ ನಿದ್ದೆ ಬೇಕಾಯಿತು. ಆ ರಾತ್ರಿ ದಾಖಲೆ ಪುಸ್ತಕದಲ್ಲಿ ಅಂಕಿಗಳನ್ನು ನಾನು ಸ್ವಲ್ಪ ದುಂಡಗೆ ಬರೆದೆ.

ಬೆಳದಿಂಗಳಿಲ್ಲದ ರಾತ್ರಿಗಳಲ್ಲಿ ಕೆಸರಿನ ಮೇಲೆ ಬಲೆ. ಮೊಣಕಾಲಿನವರೆಗೆ ಹೂತುಕೊಂಡು, ತಲೆಗೆ ಟಾರ್ಚ್ ಕಟ್ಟಿಕೊಂಡು ನಡೆಯಬೇಕು. ಆರ್ಕ್‌ಟಿಕ್ ಅಂಚಿನಲ್ಲಿ ಹುಟ್ಟಿ ಬಂದ ಲಿಟಲ್ ಸ್ಟಿಂಟ್ ಗುಬ್ಬಚ್ಚಿಯಷ್ಟೂ ತೂಗುವುದಿಲ್ಲ ಎಂದು ಅಲ್ಲಿ ತಿಳಿಯಿತು. ಐದನೇ ರಾತ್ರಿ ಸಿಕ್ಕ ಒಂದು ಸ್ಯಾಂಡ್ ಪ್ಲೋವರ್ ಹಕ್ಕಿಯ ಕಾಲಲ್ಲಿ ಆಗಲೇ ಉಂಗುರವಿತ್ತು, ಸವೆದು ಅಂಚು ಚೂಪಾಗಿತ್ತು. ಭಾಯಿ ಟಾರ್ಚ್ ಹಿಡಿದು ಒಂದೊಂದೇ ಅಂಕಿ ಓದಿದರು, ನಾನು ಬರೆದೆ, ಅವರು ಮತ್ತೆ ಓದಿದರು. ಹಳೆಯ ಪುಸ್ತಕ ತೆಗೆದು ನೋಡಿದರೆ ನಾಲ್ಕು ವರ್ಷದ ಹಿಂದೆ ಇದೇ ಕೆಸರಿನಲ್ಲಿ ತೊಡಿಸಿದ್ದು. ಅಷ್ಟು ವರ್ಷವೂ ಪರ್ವತ ದಾಟಿ ಹೋಗಿ, ದಾಟಿ ಬಂದಿದೆ. ಎಲ್ಲರ ನಿದ್ದೆಯೂ ಹಾರಿಹೋಯಿತು. ಯಾರೋ ಚಹಾ ಮಾಡಿದರು.

ಇಂಥದ್ದು ಅಪರೂಪ. ತೊಡಿಸಿದ ಉಂಗುರಗಳಲ್ಲಿ ಹೆಚ್ಚಿನವುಗಳ ಸುದ್ದಿ ಮತ್ತೆಂದೂ ಬರುವುದಿಲ್ಲ. ಬರುವುದಿದ್ದರೆ ದಾರಿಯಲ್ಲಿ ಯಾರಾದರೊಬ್ಬರು ಕಂಡು ತಿಳಿಸಬೇಕು.

ಮನೆಗೆ ಬಂದು ನಾನಿಗೆ ಎಲ್ಲ ಹೇಳಿದೆ. "ಹಾಗಾದರೆ ಹಕ್ಕಿಯದೇನೂ ತಪ್ಪಿಲ್ಲ" ಎಂದವರು, "ಮಂಜಕ್ಕನ ಮಗಳಿಗೂ ಹೇಳು" ಎಂದರು. ಹೋಗಿ ಹೇಳಿದೆ. ಅವಳು ಕೇಳಿದ್ದು ಬೇರೆ: ಈ ವರ್ಷ ಉಣುಗಿಗೆ ಹಚ್ಚುವ ಎಣ್ಣೆ ಯಾವಾಗ ಕೊಡುತ್ತಾರೆ?

ನಿಮ್ಮ ತೋಟದಲ್ಲಿ, ಗದ್ದೆಯಲ್ಲಿ, ಗುಡವಿಯ ಕೆರೆಯ ಬಳಿ ಉಂಗುರವಿರುವ ಹಕ್ಕಿ ಕಂಡರೆ ಫೋಟೋ ತೆಗೆಯಿರಿ, ಸಂಖ್ಯೆ ಕಂಡಷ್ಟು ಬರೆದುಕೊಳ್ಳಿ, ದಿನ ಮತ್ತು ಜಾಗವನ್ನೂ ಬರೆಯಿರಿ. ಹಿಡಿಯಲು ಹೋಗಬೇಡಿ. ಚೀಟಿಯನ್ನು ಜೀವಶಾಸ್ತ್ರ ಲ್ಯಾಬ್‌ನಲ್ಲಿ ಕೊಟ್ಟರೆ ಮುಂಬೈಗೆ ಕಳಿಸುವ ಕೆಲಸ ನನ್ನದು.